ವೈಲೆಟ್ ಮೇಡಮಿನ ಸ್ವರ

ವೈಲೆಟ್ ಮೇಡಂ ಲೊರೈನಳ ಕೈ ಹಿಡಿದು ಫೈಲುಗಳ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಮೇಜಿನ ಮೇಲೆ ತಮ್ಮ ಮೊಬೈಲ್ ಇಟ್ಟರು, ಅದರ ಪಕ್ಕಕ್ಕೆ ಒಂದು ಕಾಗದ. ಕಾಗದದ ಮೇಲೆ ಆಗಲೇ ಬರೆದಿತ್ತು: ‘ಹನ್ನೊಂದಕ್ಕೆ ನಬೀಲ್ ಸಾರ್ ಫೋನ್ ಮಾಡ್ತಾರೆ. ನನ್ನ ಸ್ವರದಲ್ಲಿ ನೀನು ಮಾತಾಡಬೇಕು.’

ಕುವೈತಿನ ಶರ್ಕ್ ಪೇಟೆಯ ಒಂದು ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ, ಹಲ್ಲಿನ ಮೂರು ಕ್ಲಿನಿಕ್ಕುಗಳ ಅಪಾಯಿಂಟ್‌ಮೆಂಟ್ ಡೆಸ್ಕಿಗೆ ಮೇಡಂ ಹತ್ತೊಂಬತ್ತು ವರ್ಷದಿಂದ ಯಜಮಾನಿ. ರಜೆಯಲ್ಲಿ ಊರಿಗೆ ಹೋಗಿ ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡು ಬಂದವರಿಗೆ ಈಗ ಗಂಟಲಿನಿಂದ ಬರೀ ಗಾಳಿ ಹೊರಡುತ್ತಿತ್ತು. ಮೂರು ತಿಂಗಳಲ್ಲಿ ಸರಿಹೋಗಬಹುದು ಎಂದಿದ್ದರಂತೆ ಡಾಕ್ಟರು. ಫೋನ್ ಡೆಸ್ಕಿನ ಮುಖ್ಯಸ್ಥೆಗೆ ಸ್ವರವೇ ಇಲ್ಲವೆಂದು ಗೊತ್ತಾದರೆ ಮ್ಯಾನೇಜರ್ ನಬೀಲ್ ಮೂರು ದಿನವೂ ಕಾಯುವವನಲ್ಲ.

“ಇನ್ನು ನನ್ನ ಸ್ವರದ ನಕಲು ತೆಗೆದರೆ ಜಾಗ್ರತೆ ಅಂತ ನೀವೇ ಮೆಸೇಜ್ ಮಾಡಿದ್ದಲ್ವಾ ಮೇಡಂ?” ಎಂದಳು ಲೊರೈನ್.

ಮೇಡಂ ಬರೆದರು: ‘ಅದು ಆಗ.’

ಕುವೈತಿನ ಕೊಂಕಣಿ ಸ್ಟೇಜಿನಲ್ಲಿ ಲೊರೈನಳನ್ನು ಅರಿಯದವರಿಲ್ಲ. ಇಗರ್ಜಿಯ ಕ್ವಾಯರಿನಲ್ಲಿ ಶುರುಮಾಡಿ, ನಾಟಕಗಳಲ್ಲಿ ಅತ್ತೆಯ ಪಾರ್ಟು ಹಾಕಿ ಹಾಕಿ, ಕಡೆಗೆ ಮಿಮಿಕ್ರಿಯಲ್ಲಿ ನೆಲೆಗೊಂಡವಳು. ಒಂದೇ ಹಾಡನ್ನು ಆರು ಗಾಯಕಿಯರ ಸ್ವರದಲ್ಲಿ ಹಾಡುವಳು. ಮೇಡಮಿನ ಕೈಕೆಳಗಿನ ಫೋನ್ ಕೆಲಸ ಹೊಟ್ಟೆಗೆ, ಸ್ಟೇಜು ಉಸಿರಿಗೆ. ಡಿಸೆಂಬರಿನಲ್ಲಿ ಕೊಂಕಣಿ ಸಂಘದ ವಾರ್ಷಿಕೋತ್ಸವದಲ್ಲಿ ಅವಳು ವೈಲೆಟ್ ಮೇಡಮಿನ ಸ್ವರವನ್ನೇ ಸ್ಟೇಜಿಗೆ ತಂದಳು. ಟೀ ಕುಡಿದು ಎರಡು ನಿಮಿಷ ತಡವಾಗಿ ಬಂದವಳಿಗೆ ಮೇಡಂ ಬಯ್ಯುವ ಪರಿ. ಅಷ್ಟಕ್ಕೇ ಹಾಲ್ ಹಾರಿಹೋಗುವಷ್ಟು ನಗೆ. ಮೂರನೇ ಸಾಲಿನಲ್ಲಿ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ನಗದೆ ಕೂತವರು ಮೇಡಂ ಒಬ್ಬರೇ.

“ನಬೀಲ್ ಸಾರ್ ಎಂತಾದರೂ ಕೇಳಿದರೆ?” ಎಂದಳು.

‘ಡ್ಯೂಟಿ ಚಾರ್ಟ್ ಬಗ್ಗೆ ಮಾತ್ರ. ಉತ್ತರ ನಾನು ಬರೆದು ಕೊಡ್ತೇನೆ.’

ಮೊಬೈಲ್ ಹೊಡೆದುಕೊಂಡಿತು. ಮೇಡಂ ಸ್ಪೀಕರ್ ಒತ್ತಿ ಪೆನ್ನು ಹಿಡಿದು ಕೂತರು. ಲೊರೈನ್ ಗದ್ದವನ್ನು ಒಳಗೆಳೆದು, ಬೆನ್ನು ನೆಟ್ಟಗೆ ಮಾಡಿ, ಇಂಗ್ಲಿಷಿನಲ್ಲಿ ಹೇಳಿದಳು: “ಗುಡ್ ಮಾರ್ನಿಂಗ್. ವೈಲೆಟ್.” ಮೇಡಂ ಒಂದು ಕ್ಷಣ ಕಣ್ಣು ಮುಚ್ಚಿದರು. ಕಳೆದುಹೋದ ಸಾಮಾನು ಬೇರೆಯವರ ಮನೆಯಲ್ಲಿ ಕಂಡ ಹಾಗೆ.

“ಹಮ್ದುಲಿಲ್ಲಾ, ಆಪರೇಷನ್ ಆದರೂ ಗಂಟಲು ಸರಿಯಾಗಿದೆಯಲ್ಲ!” ನಬೀಲನ ಸ್ವರ ಕೋಣೆ ತುಂಬಿತು. “ಒಂದೇ ವಿಷಯ ವೈಲೆಟ್. ನಿನ್ನ ಡೆಸ್ಕಿನಿಂದ ಒಬ್ಬರನ್ನು ಕಡಿಮೆ ಮಾಡಬೇಕು ಅಂದಿದ್ದೆನಲ್ಲ, ರಜೆಗೆ ಹೋಗುವ ಮೊದಲು ನೀನು ಹೆಸರು ಕಳಿಸಿದ್ದೆ. ಲೊರೈನ್. ಇವತ್ತೇ ಅವಳ ಇಕಾಮಾ ಕ್ಯಾನ್ಸಲಿಗೆ ಕಳಿಸುತ್ತೇನೆ. ಸರಿಯಾ?”

ಕಾಗದದ ಮೇಲೆ ಪೆನ್ನು ನಿಂತುಹೋಯಿತು. ಇಕಾಮಾ ಹೋದರೆ ಈ ದೇಶದಲ್ಲಿ ಇರುವ ಪರವಾನಗಿಯೇ ಹೋದಂತೆ. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಗಂಡ ಡೋಲ್ಫಿಯ ಕಾಂಟ್ರಾಕ್ಟ್ ಮಾರ್ಚಿಗೆ ಮುಗಿಯುತ್ತದೆ, ಮಗ ಜೋಯಲ್ ಹತ್ತನೇ ಕ್ಲಾಸು; ಲೊರೈನಳ ತಲೆಯಲ್ಲಿ ಓಡಿದ್ದು ಇಷ್ಟೇ. ಫೋನ್ ಕತ್ತರಿಸಲೆಂದು ಮೇಡಂ ಕೈ ಚಾಚಿದರು. ಲೊರೈನ್ ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡಳು.

“ಸರಿಯಲ್ಲ,” ಎಂದಳು. ಸ್ವರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

“ಏನಂದೆ?”

“ಸರಿಯಲ್ಲ ಅಂದೆ. ಆ ಹೆಸರು ತೆಗೆಯಿರಿ. ಅದನ್ನು ಸಿಟ್ಟಿನಲ್ಲಿ ಬರೆದದ್ದು. ಬೇರೆ ಹೆಸರೂ ಕೊಡುವುದಿಲ್ಲ. ಇಲ್ಲಿ ಇಬ್ಬರ ಕೆಲಸ ಒಬ್ಬೊಬ್ಬಳು ಮಾಡುತ್ತಿದ್ದಾಳೆ. ಇನ್ನೂ ಕಡಿಮೆ ಮಾಡುವುದಿದ್ದರೆ ಯಲ್ಲಾ, ನೀವೇ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತುಕೊಳ್ಳಿ. ಬೆಳಿಗ್ಗೆ ಏಳರಿಂದ ಹಲ್ಲುನೋವಿನವರು ಕಿರುಚುತ್ತಾರೆ, ಅವರಿಗೆ ಉತ್ತರ ಕೊಡಿ.”

ಮೇಡಮಿನ ಪೆನ್ನು ಈಗ ಹುಚ್ಚು ಹಿಡಿದಂತೆ ಓಡುತ್ತಿತ್ತು. ‘ಸಾರ್ ಅನ್ನು! ಸಾರ್ ಅನ್ನು!’ ಲೊರೈನ್ ಅತ್ತ ನೋಡಲಿಲ್ಲ. ಮೇಡಂ ಬಾಯಿ ತೆರೆದರು, ಮುಚ್ಚಿದರು. ಬರೀ ಗಾಳಿ.

 

“ವೈಲೆಟ್…” ಎಂದ ನಬೀಲ್.  ಅವನ ಸ್ವರ ಒಂದು ಮೆಟ್ಟಿಲು ಕೆಳಗಿಳಿದಿತ್ತು. “ಓಕೆ, ಓಕೆ. ಖಲಾಸ್. ಸಿಟ್ಟು ಬೇಡ ಮೇಡಂ. ನಾನು ಬೇರೆ ದಾರಿ ನೋಡುತ್ತೇನೆ.”

ಫೋನ್ ಆರಿದ ಮೇಲೆ ಲೊರೈನ್ ಮೊಬೈಲನ್ನು ಮೇಡಮಿನ ಕಡೆಗೆ ತಳ್ಳಿದಳು. “ನಾಲ್ಕು ಜನರನ್ನು ನಗಿಸಿದೆ ಅಂತ ಹೊಟ್ಟೆಗೇ ಹೊಡೆಯುವುದಾ ಮೇಡಂ?” ಎಂದಳು, ತನ್ನದೇ ಸ್ವರದಲ್ಲಿ. “ಎದುರಿಗೆ ಕರೆದು ಎರಡು ಬೈದಿದ್ದರೆ ಸಾಕಿತ್ತಲ್ಲ. ಬೈಯಲಿಕ್ಕೆ ನಿಮಗೆ ಯಾರಾದರೂ ಕಲಿಸಿಕೊಡಬೇಕಾ?”

 ಮೇಡಂ ಏನೋ ಬರೆದರು, ಹೊಡೆದು ಹಾಕಿದರು. ಮತ್ತೆ ಬರೆದು, ಕಾಗದವನ್ನು ಮೆಲ್ಲಗೆ ಅವಳತ್ತ ತಳ್ಳಿದರು.

‘ಅವನಿಗೆ ನಾನು ಹತ್ತೊಂಬತ್ತು ವರ್ಷ ಯೆಸ್ ಸಾರ್ ಬಿಟ್ಟು ಬೇರೆ ಹೇಳಿದವಳಲ್ಲ. ಇನ್ನು ನನ್ನ ಸ್ವರ ವಾಪಸ್ ಬಂದರೆ ಅವನ ಹತ್ತಿರ ಹೇಗೆ ಮಾತಾಡುವುದು?’