ಕರೆಯ ಕೊನೆಯ ಮಾತು

"ಇನ್ನೊಂದು ಸಲ ಕೇಳಿ," ಎಂದು ಅರವಿಂದ್ ಹೆಡ್‌ಫೋನನ್ನು ಮೇಜಿನ ಮೇಲೆ ಉಮಾಶ್ರೀಯ ಕಡೆಗೆ ತಳ್ಳಿದ. "ಕೊನೇಲಿ ಏನು ಹೇಳಬೇಕಿತ್ತು, ನೀವು ಏನು ಹೇಳಿದ್ರಿ, ನೀವೇ ಕೇಳಿ."

ಕೇಳುವುದಕ್ಕೆ ಅಲ್ಲೇನೂ ಇರಲಿಲ್ಲ. ಇಂಗ್ಲೆಂಡಿನ ಯಾವುದೋ ಊರಿನ ಮುದುಕಿ. ಗಂಡ ತೀರಿಹೋಗಿ ವಾರವಾಗಿತ್ತು. ಅವನ ಹೆಸರಿನಲ್ಲಿದ್ದ ಫೋನ್ ಸಂಪರ್ಕ ತೆಗೆಸಬೇಕೆಂದು ನಿನ್ನೆ ಹೈದರಾಬಾದಿನ ಈ ಗಾಜಿನ ಕಟ್ಟಡದ ಕಾಲ್ ಸೆಂಟರಿಗೆ ಕರೆ ಮಾಡಿದ್ದಳು. ಉಮಾಶ್ರೀ ಕೆಲಸ ಮುಗಿಸಿಕೊಟ್ಟಳು. ಮುದುಕಿ ಗಂಡನ ಮಾತು ತೆಗೆದು ಅತ್ತಳು. ಅವಳು ಅಳುವಷ್ಟು ಹೊತ್ತೂ ಉಮಾಶ್ರೀ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಮುದುಕಿಯೇ ಫೋನ್ ಇಟ್ಟಳು. ಕೊನೆಯಲ್ಲಿ ಉಮಾಶ್ರೀ ಒಂದು ಮಾತೂ ಆಡಿರಲಿಲ್ಲ.

ಅದೇ ಅಪರಾಧವಾಗಿತ್ತು. ಕರೆ ಮುಗಿಸುವಾಗ 'ಡೂ ಕಾಲ್ ಬ್ಯಾಕ್' ಅನ್ನಬೇಕು, 'ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ' ಅನ್ನಬೇಕು. ಮತ್ತೆ ಫೋನ್ ಮಾಡಿ, ನಿಮ್ಮ ಕರೆಯ ದಾರಿ ಕಾಯುತ್ತಿರುತ್ತೇವೆ ಎಂದು. ತರಬೇತಿಯ ಮೊದಲ ದಿನದಿಂದ ಅರವಿಂದ್ ಇಂಥವನ್ನೇ ಅರೆದು ಕುಡಿಸಿದ್ದ. ಇಂಗ್ಲಿಷರು ಕ್ರಿಯಾಪದವನ್ನು ಒಂಟಿಯಾಗಿ ಬಿಡುವುದಿಲ್ಲ, ಅದಕ್ಕೊಂದು ಬಾಲ ಅಂಟಿಸುತ್ತಾರೆ: ಆನ್, ಆಫ್, ಅಪ್, ಬ್ಯಾಕ್. ಬಾಲ ಬದಲಾದರೆ ಅರ್ಥವೇ ಬದಲು. ಪುಟ್ ಆನ್ ಅಂದರೆ ತೊಡುವುದು, ಪುಟ್ ಆಫ್ ಅಂದರೆ ಮುಂದೂಡುವುದು, ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು. "ಪೋಸ್ಟ್‌ಪೋನು, ಟಾಲರೇಟು ಅಂದ್ರೆ ಪಠ್ಯಪುಸ್ತಕ ಓದಿದ ಹಾಗಿರುತ್ತೆ. ಬಾಲ ಸೇರಿಸಿ, ಆಗ ನೋಡಿ, ಅವರಿಗೆ ನೀವು ಅವರ ಪಕ್ಕದ ಮನೆಯವರು ಅನ್ಸುತ್ತೆ" ಎನ್ನುತ್ತಿದ್ದ.

ಭಾಲ್ಕಿಯ ಕಾಲೇಜಿನಲ್ಲಿ ಆ ಪಠ್ಯಪುಸ್ತಕವನ್ನೇ ನುಂಗಿ ಪಾಸಾಗಿದ್ದ ಉಮಾಶ್ರೀ, ಕಂಪನಿಯ ವ್ಯಾನಿನಲ್ಲಿ, ರೊಟ್ಟಿ ಬಡಿಯುವ ಅವ್ವನ ಪಕ್ಕದಲ್ಲಿ, ಎಲ್ಲೆಂದರಲ್ಲಿ ಬಾಲಗಳನ್ನು ಬಾಯಿಪಾಠ ಮಾಡಿದ್ದಳು. ಈ ವಾರದ ಕರೆಗಳಲ್ಲಿ ಪಾಸಾದರೆ ಕೆಲಸ ಕಾಯಂ. ಒಂದು ಕರೆಗೆ ಸೊನ್ನೆ ಬಿದ್ದರೂ ಮನೆಯ ದಾರಿ ಹಿಡಿಯಬೇಕು. ಅವಳ ಅಪ್ಪ ಅಮರಯ್ಯ ನಗರದಂಚಿನ ಪಟಾನ್‌ಚೆರುವಿನ ಒಂದು ಕಾರ್ಖಾನೆಯಲ್ಲಿ ಹೊಗೆ ಕುಡಿದು ಕುಡಿದು ಕೆಮ್ಮುತ್ತಿದ್ದ. ತನ್ನ ಕೆಲಸ ಕಾಯಂ ಆದ ದಿನವೇ ಅಪ್ಪನ ಕೆಲಸ ಬಿಡಿಸುವುದೆಂದು ಅವಳು ಮನೆಯಲ್ಲಿ ಹೇಳಿಟ್ಟಿದ್ದಳು.

"ಮರೆತುಬಿಟ್ರಾ?" ಅರವಿಂದ್ ಕೇಳಿದ.

"ಮರ್ತಿಲ್ರಿ ಸರ್. ಬೇಕಂತನ ಅನ್ಲಿಲ್ಲ."

"ಬೇಕು ಅಂತಲೇ?"

"ಸತ್ತವರ ಮನಿಗೆ ಮಾತಾಡ್ಸಾಕ ಹೋದವ್ರು, ಎದ್ದು ಬರೂ ಮುಂದ 'ಬರ್ತೀವಿ' ಅಂತ ಯಾರರೆ ಅಂತಾರೇನ್ರಿ? ಸುಮ್ಕ ಎದ್ದು ಬರ್ತಾರ. ಆ ಅಜ್ಜಿ ಮನ್ಯಾಗ ಸಾವಾಗಿ ಇನ್ನೂ ಒಂದು ವಾರಷ್ಟ ಆಗೇದ. ಮತ್ತ ಫೋನ್ ಮಾಡ್ರಿ, ನಾವು ದಾರಿ ಕಾಯಾಕತ್ತೀವಿ ಅಂತ ಹ್ಯಾಂಗ ಅನ್ಲಿ? ಇನ್ನೊಂದು ಸಾವಿಗೆ ಕಾಯಾಕತ್ತೀವಿ ಅಂದಂಗ ಆಗ್ತದ. ನನ್ನ ನಾಲಗಿ ಏಳಲಿಲ್ರಿ."

"ಅದು ನಮ್ಮ ಕಡೆ ಶಾಸ್ತ್ರ. ಅವರಿಗೆ ಅದೆಲ್ಲ ಎಲ್ಲಿ ಗೊತ್ತು? ಅವರು ಕಾಯೋದೇ ಈ ಮಾತಿಗೆ."

"ಆಕಿ ಏನೂ ಕಾಯ್ಲಿಲ್ರಿ. ಅತ್ತಳು, ಥ್ಯಾಂಕ್ಯೂ ಅಂದಳು, ಇಟ್ಟಳು."

ಅರವಿಂದ್ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಆಫೀಸಿನೊಳಗೆ ಯಾರೂ ಟೋಪಿ ಹಾಕುವಂತಿಲ್ಲ. ಹೋದ ತಿಂಗಳು ತಂದೆ ತೀರಿಕೊಂಡು ತಲೆ ಬೋಳಿಸಿದ್ದರಿಂದ, ಕೂದಲು ಬರುವ ತನಕ ಅವನೊಬ್ಬನಿಗೆ ವಿನಾಯಿತಿ. ಮೈಸೂರಿನಿಂದ ಬಂದು ಇಲ್ಲಿಯ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ಮುಪ್ಪಾದ ಆ ತಂದೆಯ ಸಾವಿಗೆ ತಂಡದವರೆಲ್ಲ ಕಂಪನಿಯ ವ್ಯಾನಿನಲ್ಲೇ ಹೋಗಿ ಬಂದಿದ್ದರು. ಆ ಟೋಪಿ ಕಂಡದ್ದೇ ಉಮಾಶ್ರೀಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರ ಮನೆಯ ಸಾವಿಗೆ ಬಾಗುವ ನಿಯಮ ಇನ್ನೊಬ್ಬರ ಮನೆಯ ಸಾವಿಗೆ ಕತ್ತು ಹಿಡಿಯುತ್ತದೆ. ಇದ್ಯಾವ ಸೀಮೆಯ ನ್ಯಾಯ.

"ನಿಮ್ಮ ಮನಿಗೂ ಬಂದಿದ್ವಿ ಸರ್," ಎಂದಳು. "ನಿಮ್ಮ ತಾಯೇರ ಕೈ ಹಿಡ್ಕೊಂಡು ಕೂತಿದ್ದೆ. ಹೇಳದಂಗ ಎದ್ದು ಬಂದೆ. ಅವತ್ತು ನೀವು ನನಗ ಎಷ್ಟು ಮಾರ್ಕ್ಸ್ ಕೊಟ್ರಿ?"

ಅರವಿಂದ್ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ಮನೆ. ಇದು ಕಂಪನಿಯ ಪ್ರೋಸೆಸ್ಸು," ಎಂದ. ಆಮೇಲೆ ದನಿ ತಗ್ಗಿಸಿದ. "ನೋಡಿ, ಇನ್ನೂ ಕಾಲ ಮಿಂಚಿಲ್ಲ. ಮರೆತೆ, ಮುಂದಿನ ಸಲ ತಪ್ಪದೆ ಹೇಳ್ತೀನಿ ಅಂತ ಒಂದು ಮೇಲ್ ಹಾಕಿ. ನಾನು ನೋಡ್ಕೋತೀನಿ."

ಉಮಾಶ್ರೀಗೆ ಅಪ್ಪನ ಕೆಮ್ಮು ನೆನಪಾಯಿತು. ಒಂದು ಸಾಲು ಬರೆದರೆ ಮುಗಿಯಿತು. ಆದರೆ ಮೇಜಿನ ಮೇಲಿದ್ದ ಹೆಡ್‌ಫೋನಿನಲ್ಲಿ ಆ ಕರೆಯ ಧ್ವನಿಮುದ್ರಣ ಇನ್ನೂ ಓಡುತ್ತಲೇ ಇತ್ತು, ಮುದುಕಿ ಸಣ್ಣಗೆ ಅಳುತ್ತಿದ್ದಳು.

"ಮರ್ತಿದ್ರ ಮರ್ತೀನಿ ಅಂತ ಬರೀತಿದ್ದೆ. ಮರ್ತಿಲ್ರಿ."

ಅರವಿಂದ್ ಸೊನ್ನೆ ಒತ್ತಿದ.

ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು, ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಗಿನ ಹಜಾರದಲ್ಲೆಲ್ಲ ಇಂಗ್ಲಿಷ್ ಕಡ್ಡಾಯವಾದರೂ, ಈ ಕೋಣೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು 'ಬರ್ತೀನ್ರಿ ಸರ್' ಎನ್ನುವುದು ಅವಳ ರೂಢಿ. ಅರವಿಂದ್ ಪರದೆಯಿಂದ ತಲೆಯೆತ್ತಿ ಆ ಮಾತಿಗೆ ಕಾದ.

ಉಮಾಶ್ರೀ ಬಾಗಿಲಲ್ಲಿ ನಿಂತಳು, ಅವನನ್ನು ನೋಡಿದಳು, ಏನೂ ಹೇಳದೆ ಹೊರಟುಹೋದಳು. ಅರವಿಂದನ ಕೈ ತಾನಾಗಿ ತಲೆಯ ಮೇಲಿನ ಟೋಪಿಗೆ ಹೋಯಿತು.