ಡಬ್ಬಿಯ ಮೇಲಿನ ಚೀಟಿ

ಇದನ್ನು ಹೇಳುವುದು ನನಗೆ ಸೇರಿದ ಕೆಲಸ ಹೌದೋ ಅಲ್ಲವೋ ತಿಳಿಯದು. ಇನ್ನೊಬ್ಬರ ಬದುಕಿನ ಮಾತು. ತಪ್ಪೆನಿಸಿದರೆ ಓದುವವರು ಮನ್ನಿಸಬೇಕು.

ಸಿಂಧನೂರಿನ ತನ್ನ ರಿಪೇರಿ ಅಂಗಡಿಯಲ್ಲಿ ಪವನ ಉಸಿರು ಬಿಗಿಹಿಡಿದು ಕೂತಿದ್ದ. ಎದುರಿಗೆ ಡಿವಿಆರ್, ಅಂದರೆ ಸಿಸಿ ಕ್ಯಾಮೆರಾಗಳ ಚಿತ್ರ ಕೂಡಿಡುವ ಡಬ್ಬಿ. ಚುಚ್ಚಿದ್ದ ಪೆನ್‌ಡ್ರೈವ್‌ನಿಂದ ಅದಕ್ಕೆ ಹೊಸ ಸಾಫ್ಟ್‌ವೇರ್ ಇಳಿಯುತ್ತಿತ್ತು. ಹಸಿರು ದೀಪ ಮಿಟುಕಿತು, ನಿಂತಿತು, ಕೆಂಪಾಯಿತು. ಮತ್ತೆ ಹಸಿರಾಗಲಿಲ್ಲ.

ಆಮೇಲಷ್ಟೇ ಅವನು ಸ್ಕ್ರೂ ಬಿಚ್ಚಿ ಒಳಗೆ ನೋಡಿದ್ದು. ಡಬ್ಬಿಯ ಮೇಲಿನ ಚೀಟಿಯಲ್ಲಿ ಒಂದು ನಂಬರ್ ಇತ್ತು, ಮದರ್‌ಬೋರ್ಡಿನ ಮೇಲೆ ಇನ್ನೊಂದು. ಹಿಂದೆ ಯಾರೋ ರಿಪೇರಿಯವರು ಬೇರೆ ಬೋರ್ಡ್ ಕೂರಿಸಿ ಹಳೆಯ ಡಬ್ಬಿಯನ್ನೇ ಮುಚ್ಚಿದ್ದರು. ಈ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ. ಅದಕ್ಕೇ ಮೊದಲು ಬಿಚ್ಚಿ ಬೋರ್ಡ್ ಓದಬೇಕು. ಪವನ ಓದಿರಲಿಲ್ಲ. ಬೇರೊಂದು ಬೋರ್ಡಿನ ಸಾಫ್ಟ್‌ವೇರ್ ತುಂಬಿ ಇದನ್ನು ಕೊಂದಿದ್ದ.

ಡಬ್ಬಿಯ ಒಡೆಯ, ಬಟ್ಟೆ ಅಂಗಡಿಯ ಕರಿಬಸಯ್ಯ ತಲೆಯ ಮೇಲೆ ನಿಂತು ಅವಸರ ಮಾಡಿದ್ದು ನಿಜ. ಅದನ್ನು ನೆಪ ಮಾಡಿಕೊಳ್ಳಲು ಪವನನಿಗೆ ಮನಸ್ಸಾಗಲಿಲ್ಲ.

ಸೋಮವಾರ ಕರಿಬಸಯ್ಯನ ಗಲ್ಲಾದಿಂದ ಚಿನ್ನದ ಬೋರಮಾಳ ಸರ ಹೋಗಿತ್ತು. ಹೆಂಡತಿ ವೀರಭದ್ರಮ್ಮನದು, ಕೊಂಡಿ ಕೂಡಿಸಲು ಅಕ್ಕಸಾಲಿಗನಿಗೆ ಕೊಡಬೇಕೆಂದು ಅಲ್ಲಿ ಇಟ್ಟಿದ್ದರು. ಮಧ್ಯಾಹ್ನ ಕರಿಬಸಯ್ಯ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಹೆಂಡತಿ ಕೂತಿದ್ದಳು. ಹೊರಗಿನವರೆಂದರೆ ಕಸ ಹೊಡೆಯುವ ತಿಮ್ಮವ್ವ ಒಬ್ಬಳೇ. ಬಳಗಾನೂರಿನಿಂದ ದಿನಾ ಬಸ್ಸಿಗೆ ಬಂದು ಹನ್ನೊಂದು ವರ್ಷ ಆ ಅಂಗಡಿಯ ಕಸ ಹೊಡೆದವಳು. ಕೇಳಿದರೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬುಧವಾರ ಸಂಜೆ ಆರರೊಳಗೆ ಸರ ಬರದಿದ್ದರೆ ಅವಳನ್ನು ಠಾಣೆಗೆ ಕೊಡುವುದಾಗಿ ಕರಿಬಸಯ್ಯ ಹೇಳಿದ್ದ.

ಇವತ್ತೇ ಬುಧವಾರ.

ಕ್ಯಾಮೆರಾದ ಪರದೆ ಶನಿವಾರದಿಂದಲೇ ಕಪ್ಪಾಗಿತ್ತು. ಕ್ಯಾಮೆರಾ ಕೆಟ್ಟಿದೆ ಎಂದೇ ಆ ಅಂಗಡಿಯಲ್ಲಿ ಎಲ್ಲರೂ ತಿಳಿದಿದ್ದರು. ಪರದೆ ಹೋದರೂ ಒಳಗೆ ರೆಕಾರ್ಡ್ ಆಗಿರುತ್ತದೆ, ಹೊಸ ಸಾಫ್ಟ್‌ವೇರ್ ತುಂಬಿದರೆ ಕಾಣುತ್ತದೆ ಎಂದು ಹೇಳಿದವನು ಪವನ. ತಿಮ್ಮವ್ವನನ್ನು ಉಳಿಸುವುದಿದ್ದರೆ ಅದೊಂದೇ ಸಾಕ್ಷಿ. ಚಿತ್ರಗಳಿದ್ದ ಡಿಸ್ಕ್ ಈಗಲೂ ಇತ್ತು, ಆದರೆ ಬೇರೆ ನಮೂನೆಯ ಬೋರ್ಡಿಗೆ ಹಾಕಿದರೆ ಮೊದಲು ಎಲ್ಲ ಅಳಿಸಿಹೋಗುತ್ತದೆ. ಇದೇ ಬೋರ್ಡ್ ಮತ್ತೆ ಏಳಬೇಕು.

ಪವನ ಬಟ್ಟೆ ಅಂಗಡಿಗೆ ಹೋಗಿ ತಪ್ಪು ಒಪ್ಪಿಕೊಂಡ. ಕರಿಬಸಯ್ಯ ಬೈಯುವಷ್ಟು ಬೈದ. ವೀರಭದ್ರಮ್ಮ ಮಾತ್ರ ಕುಡಿಯಲು ನೀರು ತಂದಳು. ಅವನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಳು.

"ಅಂದ್ರ ಇನ್ನ ಅದರಾಗ ಏನೂ ಕಾಣಂಗಿಲ್ಲ, ಹೌದಿಲ್ಲಪಾ?" ಎಂದು ಮೆಲ್ಲಗೆ ಕೇಳಿದಳು.

ಅವನು ತಲೆ ತಗ್ಗಿಸಿದ. ಸರ ಕಳೆದುಕೊಂಡವಳಿಗೂ ತಾನೇ ಅನ್ಯಾಯ ಮಾಡಿದೆನಲ್ಲ ಎನಿಸಿತು. ಇನ್ನೊಮ್ಮೆ ನೋಡುತ್ತೇನೆ ಎಂದು ಹೊರಬಿದ್ದ. ಮೆಟ್ಟಿಲ ಮೇಲೆ ತಿಮ್ಮವ್ವ ಕೂತಿದ್ದಳು.

"ಇರಲಿ ಬಿಡೋ ಯಪ್ಪಾ," ಎಂದಳು. "ಕೆಟ್ಟದ್ದು ಕೆಟ್ಟೈತಿ. ನೀ ಅದನ್ನ ರಿಪೇರಿ ಮಾಡಾಕ ಹೋಗಬ್ಯಾಡ."

"ಹಂಗಂದ್ರ ಹೆಂಗಬೇ? ನಿನ್ನ ಒಳಗ ಹಾಕ್ತಾರ."

"ಹಾಕಲಿ. ಅಲ್ಲೂ ಕಸ ಇರತೈತಿಲ್ಲೋ, ಹೊಡಿತೀನಿ."

ತನ್ನ ಮೇಲೆ ಕಳುವಿನ ಹೆಸರು ಬಂದರೂ ಕೆಡಿಸಿದವನನ್ನೇ ಸಮಾಧಾನ ಮಾಡುವ ಮುದುಕಿ. ಅವಳು ಸಿಟ್ಟಾಗಿದ್ದರೆ ಪವನನಿಗೆ ಹಗುರವಾಗುತ್ತಿತ್ತು.

ಹನ್ನೆರಡು ಕಡೆ ಫೋನ್ ಹಚ್ಚಿದ. ಲಿಂಗಸುಗೂರಿನಲ್ಲಿ ಕ್ಯಾಮೆರಾ ಕೂರಿಸುವ ಮುಷರಫ್ ಹತ್ತಿರ ಅದೇ ನಂಬರಿನ ಬೋರ್ಡ್ ಇತ್ತು, ಸಿಡಿಲಿಗೆ ಸುಟ್ಟು ಗುಜರಿಗೆ ಬಿದ್ದದ್ದು. ಸುಟ್ಟ ಬೋರ್ಡಿನಲ್ಲೂ ಸಾಫ್ಟ್‌ವೇರ್ ಇರುವ ಚಿಪ್ ಬದುಕಿರಬಹುದು. ಪವನ ಡಬ್ಬಿ ಕಟ್ಟಿಕೊಂಡು ಬೈಕ್ ಹತ್ತಿದ. ಬೋರ್ಡ್ ಇಸಿದುಕೊಂಡು ಬರುವಾಗ ಮಸ್ಕಿಯಲ್ಲಿ ಇಳಿದ. ಅಷ್ಟು ಸಣ್ಣ ಚಿಪ್ ಎಬ್ಬಿಸಿ ಡಬ್ಬಿಯ ಬೋರ್ಡಿಗೆ ಬೆಸುಗೆ ಹಾಕಲು ಅವನ ಕೈ ಸಾಲದು. ಅಲ್ಲಿ ರೇಡಿಯೊ ಕಾಲದಿಂದ ಬೆಸುಗೆ ಹಿಡಿದ ಜಿಲಾನಿಸಾಬ್‌ನದೇ ಆಗಬೇಕು.

"ಡಬ್ಬಿ ಮ್ಯಾಲಿನ ಚೀಟಿ ನಂಬೀಯಲ್ಲಲೇ," ಎಂದು ಜಿಲಾನಿಸಾಬ್ ಭೂತಗನ್ನಡಿಯ ಹಿಂದಿನಿಂದ ಗೊಣಗಿದ. "ಫೋಟೋ ನೋಡಿ ನಿಖಾ ಮಾಡ್ಕೊಂಡಂಗಾತು."

ನಾಲ್ಕೂಕಾಲಿಗೆ ಹಸಿರು ದೀಪ ಹತ್ತಿತು. ಪವನ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. ಮುಂದೆ ನಿಂತು ಚಿತ್ರ ನೋಡುವಷ್ಟು ಹೊತ್ತಿರಲಿಲ್ಲ. ನೋಡಬೇಕಿತ್ತು ಎಂದು ಆಮೇಲೆ ಬಹಳ ಸಲ ಅಂದುಕೊಂಡ.

ಐದೂವರೆಗೆ ಬಟ್ಟೆ ಅಂಗಡಿ ಮುಟ್ಟಿದಾಗ ಅಕ್ಕಪಕ್ಕದ ಅಂಗಡಿಯವರು ಕೂತಿದ್ದರು. ತಾನು ಸುಳ್ಳು ಆರೋಪ ಮಾಡಿಲ್ಲ ಎನ್ನುವುದನ್ನು ಎಲ್ಲರೂ ನೋಡಲಿ ಎಂದು ಕರಿಬಸಯ್ಯನೇ ಕರೆಸಿದ್ದ. ಪವನನ ಕಂಕುಳಲ್ಲಿ ಡಬ್ಬಿ ಕಂಡು ತಿಮ್ಮವ್ವ ಎದ್ದು ನಿಂತಳು.

"ಬ್ಯಾಡಂತ ಹೇಳಿದ್ನೆಲ್ಲೋ ತಮ್ಮಾ."

"ಅಂಜಬ್ಯಾಡಬೇ. ನಿನ್ನ ತಪ್ಪಿಲ್ಲಂತ ಇವತ್ತು ಎಲ್ಲಾರಿಗೂ ಗೊತ್ತಾಗತೈತಿ."

ಅವಳು ಅಂಗಡಿಯ ಒಳಗೆ ನೋಡಿದಳು. ವೀರಭದ್ರಮ್ಮ ಬಟ್ಟೆಯ ಥಾನುಗಳ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಪವನ ಸೋಮವಾರದ ಮಧ್ಯಾಹ್ನಕ್ಕೆ ಹಿಂದೆ ಸರಿಸಿ ಒತ್ತಿದ. ಚಿತ್ರ ನಿಚ್ಚಳವಾಗಿತ್ತು.

ಗಲ್ಲಾ ತೆಗೆದದ್ದು ತಿಮ್ಮವ್ವನಲ್ಲ, ವೀರಭದ್ರಮ್ಮ. ಸರವನ್ನು ತಿಮ್ಮವ್ವನ ಸೆರಗಿಗೆ ತಾನೇ ಗಂಟು ಹಾಕಿ, ಬಾಗಿ, ಕಸ ಹೊಡೆಯುವವಳ ಎರಡೂ ಕಾಲು ಮುಟ್ಟಿದಳು.

ಆ ಸರವನ್ನು ತಿಮ್ಮವ್ವ ಯಾರಿಗೆ ಮುಟ್ಟಿಸಿದಳೆಂದು ನನಗೆ ಗೊತ್ತಿಲ್ಲ. ಕರಿಬಸಯ್ಯ ಎಷ್ಟು ಕೇಳಿದರೂ ಇಬ್ಬರೂ ಹೇಳಲಿಲ್ಲ.