ನಾರಪ್ಪ ಸಿಗಲಿಲ್ಲ

‘ನಾರಪ್ಪ ಸಿಗಲಿಲ್ಲ’ ಎಂದು ಕಲ್ಯಾಣದುರ್ಗದ ಮನೆಯ ಹಳೇ ಕಂಪ್ಯೂಟರು ತೋರಿಸಿದಾಗ ಸರಿತಾಳ ಬೆರಳು ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ನಾರಪ್ಪ ಅವಳ ಅಪ್ಪ. ಅವಳ ಮದುವೆಗೆ ಮುಂಚೆಯೇ ತೀರಿಕೊಂಡವರು, ಈ ಮನೆಯ ಹೊಸ್ತಿಲು ತುಳಿದವರಲ್ಲ.

ಕಣ್ಣು ಕಾಣದ ಅತ್ತೆ ಲಕ್ಷ್ಮೀದೇವಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶ ಅದು. ಅದನ್ನು ಕಟ್ಟಿ ಸಿದ್ಧಪಡಿಸುವ ತ್ರಾಣ ಈ ಕಂಪ್ಯೂಟರಿಗಿರಲಿಲ್ಲ. ಹಾಗಾಗಿ ಸರಿತಾ ಹಿಂದೂಪುರದ ತವರಿಗೆ ಹೋಗಿ, ಅಪ್ಪನ ಕಂಪ್ಯೂಟರಿನಲ್ಲಿ, ಅಪ್ಪನ ಹೆಸರಿನ ಫೋಲ್ಡರಿನೊಳಗೇ ಕಟ್ಟಿ, ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸಿನಲ್ಲಿ ತೂಕಡಿಸುತ್ತ ತಂದಿದ್ದಳು. ಊರು ಬದಲಾದದ್ದು ತಂತ್ರಾಂಶಕ್ಕೆ ತಿಳಿದಿರಲಿಲ್ಲ. ತನ್ನ ದನಿಯ ಕಡತವನ್ನು ಇನ್ನೂ ಆ ‘ನಾರಪ್ಪ’ ಫೋಲ್ಡರಿನಲ್ಲೇ ಹುಡುಕುತ್ತಿತ್ತು.

“ಏಮೈಂದಮ್ಮಾ, ಯಾಕೆ ಸುಮ್ಕಾದೆ?” ಎಂದರು ಅತ್ತೆ.

“ಅಪ್ಪನ್ನ ಹುಡುಕ್ತೈತೆ ಅತ್ತೆ. ಇಲ್ಲಿ ಅವರಿಲ್ಲ ಅಂತೈತೆ.”

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಹಂಗಾದ್ರೆ ಅವರಿಗೂ ಇಲ್ಲೊಂದು ಜಾಗ ಮಾಡ್ಕೊಡು ಕಣಮ್ಮ.”

ಸರಿತಾ ಹೊಸದೊಂದು ಫೋಲ್ಡರು ಮಾಡಿ, ‘ನಾರಪ್ಪ’ ಎಂದು ಹೆಸರಿಟ್ಟು, ದನಿಯ ಕಡತವನ್ನು ಅದರೊಳಗಿಟ್ಟಳು. ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ಹೊನ್ನಿನಂತೆ ತೇಲುತ್ತಿತ್ತು. ಕಂಪ್ಯೂಟರು ಗಂಟಲು ಸರಿಮಾಡಿಕೊಳ್ಳುವಂತೆ ಒಮ್ಮೆ ಗುರುಗುಟ್ಟಿತು. ಆಮೇಲೆ ಗಂಡು ದನಿಯೊಂದು ಮೆಲ್ಲನೆ “ನಮಸ್ಕಾರ” ಎಂದಿತು.

ಲಕ್ಷ್ಮೀದೇವಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ದನಿ ಬಂದತ್ತ ತಿರುಗಿದರು.

“ಬನ್ನಿ ಬೀಗ್ರೆ,” ಎಂದರು, “ಕೂತ್ಕಳಿ.”